ಕಾರು ಕೊಳ್ಳುವ ಮುನ್ನ ಕಬ್ಬಿನ ಲೆಕ್ಕ



ನುರಿಸುವ ಹಂಗಾಮು ಮುಗಿಯುತ್ತ ಬಂದು ಬಿಲ್ಲಿನ ಹಣ ಖಾತೆಗೆ ಜಮೆಯಾಗತೊಡಗಿದಂತೆ ನಮ್ಮ ಗಟ್ ಕಚೇರಿಗಳಲ್ಲಿ ತಳಿ, ಗೊಬ್ಬರ, ಗೊಣ್ಣೆಹುಳುಗಳ ಜೊತೆಗೆ ಇನ್ನೊಂದು ಪ್ರಶ್ನೆಯೂ ಕೇಳಿಬರುತ್ತದೆ: “ಸಾಹೇಬ್ರ, ಯಾವ ಗಾಡಿ ತೊಗೊಂಡ್ರ ಚಲೋ?” ಇದು ಕಬ್ಬು ಅಭಿವೃದ್ಧಿ ವಿಭಾಗದ ವಿಷಯವಲ್ಲವೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಕಾರಿನ ಮುಂಗಡ ಕಟ್ಟುವ ತಿಂಗಳೂ ಕೂಳೆ ಕಬ್ಬಿಗೆ ಹಣ ಹಾಕಬೇಕಾದ ತಿಂಗಳೂ ಒಂದೇ. ಕಟಾವಾದ ಕೂಡಲೇ ಬುಡ ಸವರಿ, ರವದಿ ಹರವಿ, ಮೊದಲ ಕಂತಿನ ಗೊಬ್ಬರ ಕೊಟ್ಟು ನೀರು ಹಾಯಿಸಿದವರ ಕೂಳೆ ಎದ್ದು ನಿಲ್ಲುತ್ತದೆ. ಆ ಹಣ ಬೇರೆಡೆ ಹೋದರೆ ಮುಂದಿನ ವರ್ಷದ ತೂಕದ ಚೀಟಿಯಲ್ಲಿ ಅದು ಕಾಣಿಸಿಕೊಳ್ಳುತ್ತದೆ.

ಕಾರು ಬೇಡವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ರಾತ್ರಿ ಹೊತ್ತಿನಲ್ಲಿ ಬಾಣಂತಿಯನ್ನು ಸೋಲಾಪುರದ ದವಾಖಾನೆಗೆ ಒಯ್ಯುವಾಗ ಮನೆಯ ಮುಂದೆ ಒಂದು ವಾಹನವಿರುವುದು ಎಷ್ಟು ಆಧಾರವೆಂಬುದು ತಡವಳ ಭಾಗದ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಆದರೆ ನಂಬಿಕೆಗೆ ಅರ್ಹವಾದ, ನಮ್ಮ ಶಕ್ತಿಗೆ ಮೀರದ ಕಾರನ್ನು ಆರಿಸುವುದು ಹೇಗೆ ಎಂಬುದನ್ನು ಕ್ರಮವಾಗಿ ವಿಚಾರ ಮಾಡುವ ಅಗತ್ಯವಿದೆ.

ಅಂದು ಮತ್ತು ಇಂದು

ಸಕ್ಕರೆಗೂ ಮೋಟಾರಿಗೂ ನಮ್ಮ ಜಿಲ್ಲೆಯಲ್ಲಿ ಹಳೆಯ ನಂಟಿದೆ. 1882ರಲ್ಲಿ ಸೋಲಾಪುರದಲ್ಲಿ ಹುಟ್ಟಿದ ವಾಲಚಂದ ಹೀರಾಚಂದರು ರಾವಳಗಾಂವ ಮತ್ತು ವಾಲಚಂದನಗರಗಳಲ್ಲಿ ಸಕ್ಕರೆ ಉದ್ಯಮ ಬೆಳೆಸಿದವರು. 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದವರೂ ಅವರೇ. ಅಲ್ಲಿಂದ ಹೊರಬಂದ ಫಿಯಾಟ್, ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಿಂದ ಮನೆಮಾತಾಯಿತು. ಅಂದಿನ ಕಾಲದಲ್ಲಿ ಆರಿಸುವ ಪ್ರಶ್ನೆಯೇ ಇರಲಿಲ್ಲ. ಪದ್ಮಿನಿ ಇಲ್ಲವೆ ಅಂಬಾಸಿಡರ್. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಪರಿಸ್ಥಿತಿ ಬದಲಾಗತೊಡಗಿತು.

ಇಂದು ತೊಂದರೆ ಬೇರೆ ತರಹದ್ದು. ಹತ್ತಾರು ಕಂಪನಿ, ನೂರಾರು ಮಾದರಿ, ಕೂತಲ್ಲಿಯೇ ಸಾಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇ. 28 ಮತ್ತು ಸೆಸ್‌ನಿಂದ ಶೇ. 18ಕ್ಕೆ ಇಳಿದುದರಿಂದ ಬೆಲೆಯೂ ತಗ್ಗಿತು. ಕೊಳ್ಳುವುದು ಸುಲಭವಾಗಿದೆ; ಸಾಕುವುದು ಮಾತ್ರ ಸುಲಭವಾಗಿಲ್ಲ.

ಬೆಲೆಯನ್ನು ಎಕರೆಯಲ್ಲಿ ಅಳೆಯಿರಿ

ಕಾರಿನ ಬೆಲೆಯೆಂದರೆ ಅಂಗಡಿಯ ಫಲಕದಲ್ಲಿ ಬರೆದ ಬೆಲೆಯಲ್ಲ. ಅದರ ಮೇಲೆ ರಸ್ತೆ ತೆರಿಗೆ, ನೋಂದಣಿ, ವಿಮೆ ಸೇರಬೇಕು. ಮಹಾರಾಷ್ಟ್ರದಲ್ಲಿ ವ್ಯಕ್ತಿಯ ಹೆಸರಿನಲ್ಲಿ ಕೊಳ್ಳುವ 10 ಲಕ್ಷದೊಳಗಿನ ಪೆಟ್ರೋಲು ಕಾರಿಗೆ ತೆರಿಗೆಯೇ ಶೇ. 11, ಡೀಸೆಲಿಗೆ ಶೇ. 13. ಅಂದರೆ 6 ಲಕ್ಷದ ಪೆಟ್ರೋಲು ಕಾರಿಗೆ 66,000 ರೂ. ಆದುದರಿಂದ ವ್ಯಾಪಾರಿಯನ್ನು “ರಸ್ತೆಗಿಳಿಯುವ ಹೊತ್ತಿಗೆ ಒಟ್ಟು ಎಷ್ಟು?” ಎಂದೇ ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿರಿ.

ಒಂದು ಉದಾಹರಣೆ ನೋಡೋಣ. 5 ಲಕ್ಷ ರೂ. ಸಾಲ, ಶೇ. 10 ಬಡ್ಡಿ, 5 ವರ್ಷದ ಅವಧಿ. ತಿಂಗಳ ಕಂತು ಸುಮಾರು 10,625 ರೂ. ವರ್ಷಕ್ಕೆ 8,000 ಕಿ.ಮೀ. ಓಡಾಟ, ಲೀಟರಿಗೆ 16 ಕಿ.ಮೀ., ಪೆಟ್ರೋಲು 105 ರೂ. ಎಂದು ಹಿಡಿದರೆ ಒಂದು ವರ್ಷದ ಖರ್ಚು ಹೀಗಾಗುತ್ತದೆ:

ಸಾಲದ ಕಂತು – 1,27,500 ರೂ.
ಪೆಟ್ರೋಲು (500 ಲೀಟರು) – 52,500 ರೂ.
ವಿಮೆ – 12,000 ರೂ.
ಸರ್ವೀಸು, ರಿಪೇರಿ – 12,000 ರೂ.
ಟಯರು, ಬ್ಯಾಟರಿಗೆಂದು ತೆಗೆದಿಡುವುದು – 8,000 ರೂ.
ಒಟ್ಟು – 2,12,000 ರೂ.

ಇದನ್ನು ಕಬ್ಬಿಗೆ ತಾಳೆ ಹಾಕಿರಿ. 2025–26ರ ಹಂಗಾಮಿಗೆ ಕೇಂದ್ರ ಸರಕಾರ ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ 355 ರೂ. ಎಫ್.ಆರ್.ಪಿ. ನಿಗದಿ ಮಾಡಿತು. ಇಳುವರಿ ಕಡಿಮೆಯಾದರೆ ದರವೂ ಕಡಿಮೆ. ಅದರಲ್ಲಿ ಕಟಾವು ಮತ್ತು ಸಾಗಾಣಿಕೆಯ ಖರ್ಚು ಬೇರೆ ಕಳೆಯುತ್ತದೆ. ಟನ್ನಿಗೆ 2,600 ರೂ. ಕೈಗೆ ಬಂತೆಂದು ಇಟ್ಟುಕೊಳ್ಳೋಣ. ಎಕರೆಗೆ 40 ಟನ್ನು ಬೆಳೆದರೆ 1,04,000 ರೂ. ಬೀಜ, ಗೊಬ್ಬರ, ನೀರು, ಆಳುಗಳ ಖರ್ಚು 55,000 ರೂ. ಕಳೆದರೆ ಉಳಿಯುವುದು 49,000 ರೂ. ಹಾಗಾದರೆ ಮೇಲಿನ ಕಾರು ಪ್ರತಿ ವರ್ಷ ನಾಲ್ಕೂಕಾಲು ಎಕರೆಗಿಂತ ಹೆಚ್ಚಿನ ಕಬ್ಬಿನ ನಿವ್ವಳ ಉಳಿತಾಯವನ್ನು ತಿನ್ನುತ್ತದೆ. ಅದರಲ್ಲಿಯೂ ಆಡಸಾಲಿ ಕಬ್ಬು ಕೈಗೆ ಬರಲು 16ರಿಂದ 18 ತಿಂಗಳು ಬೇಕು. ಕಂತು ಮಾತ್ರ ತಿಂಗಳಿಗೊಮ್ಮೆ ಬಾಗಿಲು ತಟ್ಟುತ್ತದೆ.

ನಿಮ್ಮ ಹೊಲದ ಅಂಕಿಗಳು ಬೇರೆ ಇರಬಹುದು. ಅಂಕಿ ಬದಲಿಸಿ, ಲೆಕ್ಕದ ಪದ್ಧತಿಯನ್ನು ಮಾತ್ರ ಇದೇ ಇಟ್ಟುಕೊಳ್ಳಿರಿ.

ಸಾಲದ ಅವಧಿ ಹೆಚ್ಚಿಸಿದರೆ ಕಂತು ಇಳಿಯುತ್ತದೆಂದು ವ್ಯಾಪಾರಿ ಹೇಳುವುದು ನಿಜ. ಅದೇ 5 ಲಕ್ಷಕ್ಕೆ 7 ವರ್ಷದಲ್ಲಿ ಕಂತು ಸುಮಾರು 8,300 ರೂ. ಆದರೆ ಒಟ್ಟು ಬಡ್ಡಿ 1,37,000ದಿಂದ 1,97,000 ರೂ.ಗೆ ಏರುತ್ತದೆ. ಈ 60,000 ರೂ. ಎಂದರೆ ಒಂದು ಎಕರೆಯ ನಿವ್ವಳಕ್ಕಿಂತ ಹೆಚ್ಚು. ಬೇಸಾಯವೇ ಮುಖ್ಯ ಉತ್ಪನ್ನವಾಗಿದ್ದವರಿಗೆ ಆರು ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಕಂತು ಕಟ್ಟುವ ಸೌಲಭ್ಯವಿದೆಯೇ ಎಂದು ಬ್ಯಾಂಕಿನಲ್ಲಿ ಮುಂಚಿತವಾಗಿ ವಿಚಾರಿಸಿರಿ.

ಬೆಳೆ ಸಾಲಕ್ಕೆ ಕೈ ಹಾಕಬೇಡಿರಿ

ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲದ ಬಡ್ಡಿ ಶೇ. 7. ಅವಧಿಯೊಳಗೆ ಮರುಪಾವತಿ ಮಾಡಿದವರಿಗೆ ಶೇ. 3 ರಿಯಾಯಿತಿ ಸಿಕ್ಕು ಅದು ಶೇ. 4ಕ್ಕೆ ಇಳಿಯುತ್ತದೆ. ಕಾರಿನ ಮುಂಗಡಕ್ಕೆಂದು ಹಣ ತೆಗೆದು ಬೆಳೆ ಸಾಲವನ್ನು ಅವಧಿ ಮೀರಿಸಿದರೆ ಈ ರಿಯಾಯಿತಿ ಕೈತಪ್ಪುತ್ತದೆ. ಮುಂದಿನ ಹಂಗಾಮಿನ ಸಾಲಕ್ಕೂ ಸೊಸೈಟಿಯ ಬಾಗಿಲು ಮುಚ್ಚುತ್ತದೆ. ಆಗ ಗೊಬ್ಬರವನ್ನು ಅಂಗಡಿಯವರ ಉದ್ದರಿಯಲ್ಲಿ ತರಬೇಕಾಗುತ್ತದೆ.

ಬಿಲ್ಲಿನ ಹಣ ಬಂದಾಗ ಈ ಕ್ರಮ ಇಟ್ಟುಕೊಳ್ಳುವುದು ಯೋಗ್ಯ: ಮೊದಲು ಬೆಳೆ ಸಾಲ, ಎರಡನೆಯದು ಕೂಳೆ ಮತ್ತು ಹೊಸ ನಾಟಿಯ ಖರ್ಚು, ಮೂರನೆಯದು ಬಾವಿ, ಮೋಟಾರು, ಹನಿ ನೀರಾವರಿ, ನಾಲ್ಕನೆಯದು ಒಂದು ವರ್ಷ ಮಳೆ ಕೈಕೊಟ್ಟರೂ ಮನೆ ನಡೆಯುವಷ್ಟು ಗಂಟು. ಆಮೇಲೆ ಉಳಿದದ್ದರಲ್ಲಿ ಕಾರು. 2023ರಲ್ಲಿ ಉಜನಿ ಜಲಾಶಯ ತುಂಬಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿಯ ಮಹಾಪೂರ ಜಿಲ್ಲೆಯ ಬೆಳೆಗಳನ್ನು ಮುಳುಗಿಸಿತು. ಎರಡು ವರ್ಷದ ಅಂತರದಲ್ಲಿ ಬರವನ್ನೂ ನೆರೆಯನ್ನೂ ಕಂಡ ಸೀಮೆ ನಮ್ಮದು. ಐದು ವರ್ಷದ ಕಂತು ಒಪ್ಪಿಕೊಳ್ಳುವವರು ಅದರಲ್ಲಿ ಒಂದು ಕೆಟ್ಟ ವರ್ಷ ಬಂದೇ ಬರುತ್ತದೆಂದು ತಿಳಿದೇ ಸಹಿ ಮಾಡಬೇಕು.

ಎಷ್ಟು ಓಡಾಟ, ಎಂಥ ಕಾರು?

ಕೊಳ್ಳುವ ಮುನ್ನ ಹಿಂದಿನ ಒಂದು ವರ್ಷದ ಓಡಾಟವನ್ನು ಮನೆಯವರೆಲ್ಲ ಕೂತು ಬರೆಯಿರಿ. ಅಕ್ಕಲಕೋಟೆಯ ಸಂತೆ, ಸೋಲಾಪುರದ ದವಾಖಾನೆ, ತುಳಜಾಪುರ, ಗಾಣಗಾಪುರ, ಪಂಢರಪುರದ ಯಾತ್ರೆ, ಇಂಡಿ, ಆಳಂದ, ಅಫಜಲಪುರದ ಕಡೆಯ ಬೀಗರ ಮನೆ – ಎಲ್ಲ ಸೇರಿ 3,000 ಕಿ.ಮೀ. ಮೀರದಿದ್ದರೆ, ಮೇಲಿನ ಹೊಸ ಕಾರಿಗೆ ಕಿಲೋಮೀಟರಿಗೆ ಸುಮಾರು 60 ರೂ. ಬೀಳುತ್ತದೆ. ಬಾಡಿಗೆ ಗಾಡಿ 15 ರೂ.ಗೆ ಸಿಕ್ಕಿದರೆ ಅದೇ ಓಡಾಟ 45,000 ರೂ.ಗಳಲ್ಲಿ ಮುಗಿಯುತ್ತದೆ. ಇಂಥವರು ಬಾಡಿಗೆ ಗಾಡಿಯವನ ಫೋನ್ ನಂಬರು ಗೋಡೆಗೆ ಬರೆದಿಟ್ಟುಕೊಳ್ಳುವುದೇ ಲಾಭದಾಯಕ.

ಅಗತ್ಯವಿದೆಯೆಂದು ಖಚಿತವಾದ ಮೇಲೆ ಇಂಧನದ ವಿಚಾರ.

ಪೆಟ್ರೋಲು: ವರ್ಷಕ್ಕೆ 10–12 ಸಾವಿರ ಕಿ.ಮೀ. ಒಳಗಿನ ಓಡಾಟದವರಿಗೆ ಇದೇ ಸರಳ. ಎಂಜಿನ್ನು ಹಗುರ, ರಿಪೇರಿ ಅಗ್ಗ. ಇಂದಿನ ಪೆಟ್ರೋಲಿನಲ್ಲಿ ನಮ್ಮದೇ ಬೆವರಿದೆ. 2025ರಲ್ಲಿ ದೇಶ ಶೇ. 20 ಎಥೆನಾಲ್ ಮಿಶ್ರಣದ ಗುರಿ ಮುಟ್ಟಿತು, ಅದರಲ್ಲಿ ಕಬ್ಬಿನ ರಸ ಮತ್ತು ಕಾಕಂಬಿಯಿಂದ ತಯಾರಾದ ಪಾಲೂ ಇದೆ. ಇದು ಕಾರ್ಖಾನೆಗಳಿಗೂ ಬೆಳೆಗಾರರಿಗೂ ಆಧಾರ. ಆದರೆ ಕೊಳ್ಳುವವರು ಎರಡು ಸಂಗತಿ ತಿಳಿದಿರಬೇಕು. ಒಂದು ಲೀಟರು ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಶಕ್ತಿ ಕಡಿಮೆ. ಆದುದರಿಂದ ಮೈಲೇಜು ಸ್ವಲ್ಪ ಇಳಿಯುತ್ತದೆ. ಎರಡನೆಯದಾಗಿ, 2023ರ ಏಪ್ರಿಲ್ ನಂತರ ತಯಾರಾದ ಕಾರುಗಳ ಭಾಗಗಳು ಈ ಮಿಶ್ರಣಕ್ಕೆ ತಾಳುವಂಥವು. ಅದಕ್ಕಿಂತ ಹಳೆಯ ಕಾರಾದರೆ ಇಂಧನದ ರಬ್ಬರು ಪೈಪು, ಸೀಲುಗಳನ್ನು ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಿ, ಬೇಕಾದರೆ ಬದಲಾಯಿಸಬೇಕು. ಎಥೆನಾಲ್ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿಡುವ ಕಾರಿನಲ್ಲಿ ಪೆಟ್ರೋಲನ್ನು ಹಳತಾಗಲು ಬಿಡಬಾರದು.

ಡೀಸೆಲು: 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಮಟ್ಟದ ಡೀಸೆಲು ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಸೋಸಣಿಗೆ ಇರುತ್ತದೆ. ಅದು ಸ್ವಚ್ಛವಾಗಲು ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಿಂದ ದೂರ ಓಡಿಸಬೇಕು. ಹೊಲದಿಂದ ಊರಿಗೆ, ಊರಿನಿಂದ ಫಾಟಾಕ್ಕೆ ಎಂಬ ಚಿಕ್ಕ ಓಡಾಟದಲ್ಲಿ ಅದು ಕಟ್ಟಿಕೊಳ್ಳುತ್ತದೆ. ಅದರ ರಿಪೇರಿ ದುಬಾರಿ. ಹಿಂದೆ ಡೀಸೆಲು ಅಗ್ಗವೆಂಬ ಒಂದೇ ಕಾರಣಕ್ಕೆ ಕೊಳ್ಳುತ್ತಿದ್ದರು. ಈಗ ನಿತ್ಯ ದೂರದ ಓಡಾಟವಿದ್ದವರಿಗೆ ಮಾತ್ರ ಅದು ಹೊಂದುತ್ತದೆ.

ಸಿ.ಎನ್.ಜಿ.: ಕಿಲೋಮೀಟರಿನ ಖರ್ಚು ಕಡಿಮೆ. ಆದರೆ ನಿಮ್ಮ ನಿತ್ಯದ ದಾರಿಯಲ್ಲಿ ಪಂಪು ಇದೆಯೇ ಎಂಬುದನ್ನು ಮೊದಲು ನೋಡಿರಿ. ಡಿಕ್ಕಿಯ ಜಾಗ ಕಡಿಮೆಯಾಗುತ್ತದೆ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು.

ವಿದ್ಯುತ್ ಕಾರು: ಓಡಾಟದ ಖರ್ಚು ಎಲ್ಲಕ್ಕಿಂತ ಕಡಿಮೆ, ಕೊಳ್ಳುವ ಬೆಲೆ ಹೆಚ್ಚು. ಮನೆಯಲ್ಲಿ ರಾತ್ರಿ ಭರವಸೆಯ ಕರೆಂಟು ಇದ್ದವರು ವಿಚಾರ ಮಾಡಬಹುದು. ಆದರೆ ಹೊಲದ ಪಂಪಿನ ಕೃಷಿ ಸಂಪರ್ಕದಿಂದ ಕಾರು ಚಾರ್ಜು ಮಾಡಿದರೆ ವಿದ್ಯುತ್ ಕಾಯಿದೆ 2003ರ ಪ್ರಕಾರ ಅನಧಿಕೃತ ಬಳಕೆಯಾಗುತ್ತದೆ, ದಂಡ ಬೀಳುತ್ತದೆ.

ಯಾವ ಮಾದರಿ ಎಂದು ಕೇಳುವವರಿಗೆ ಒಂದೇ ಮಾತು: ರಸ್ತೆಯ ಮೇಲೆ ಬಹಳ ವರ್ಷದಿಂದ, ಬಹಳ ಸಂಖ್ಯೆಯಲ್ಲಿ ಇರುವ ಮಾದರಿಯನ್ನೇ ನೋಡಿರಿ. ವ್ಯಾಗನ್ ಆರ್ 1999ರಿಂದ, ಬೊಲೆರೊ 2000ದಿಂದ, ಸ್ವಿಫ್ಟ್ 2005ರಿಂದ ನಮ್ಮ ದೇಶದ ರಸ್ತೆಗಳಲ್ಲಿವೆ. ಇಂಥವುಗಳ ಬಿಡಿಭಾಗ ತಾಲೂಕಿನ ಪೇಟೆಯಲ್ಲಿಯೂ ಸಿಗುತ್ತವೆ, ಊರ ಮೆಕ್ಯಾನಿಕ್‌ನ ಕೈಗೂ ಪಳಗಿವೆ. ನಿನ್ನೆ ಮೊನ್ನೆ ಬಂದ ಮಾದರಿಗೆ ಒಂದು ಕನ್ನಡಿ ಒಡೆದರೂ ಪುಣೆಯಿಂದ ಬರುವ ತನಕ ಕಾಯಬೇಕಾದೀತು. ಹಾಗೆಯೇ ಎರೆ ಮಣ್ಣಿನ ದಾರಿ, ಟ್ರಾಲಿಗಳು ಕೊರೆದ ಗಾಲಿಯ ಗೆರೆಗಳಲ್ಲಿ ಓಡಾಡುವ ನಮಗೆ ಕಾರಿನ ಹೊಟ್ಟೆ ನೆಲಕ್ಕೆ ತಾಗದಷ್ಟು ಎತ್ತರವಿರಬೇಕು.

ಜೀವದ ರಕ್ಷಣೆ

ಹಂಗಾಮಿನ ರಾತ್ರಿಗಳಲ್ಲಿ ದೀಪವಿಲ್ಲದ ಕಬ್ಬಿನ ಟ್ರಾಲಿಗೆ ಹಿಂದಿನಿಂದ ಬಡಿದ ಅಪಘಾತಗಳ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಟ್ರಾಲಿಗೆ ಪ್ರತಿಫಲಕ ಪಟ್ಟಿ ಹಚ್ಚುವುದು ನಮ್ಮೆಲ್ಲರ ಕರ್ತವ್ಯ. ಕಾರಿನಲ್ಲಿ ಕೂತವರ ರಕ್ಷಣೆಗೆ ಕಾರೂ ಗಟ್ಟಿ ಇರಬೇಕು. 2019ರ ಏಪ್ರಿಲ್‌ನಿಂದ ಕಾರುಗಳಲ್ಲಿ ಎ.ಬಿ.ಎಸ್. ಬ್ರೇಕು, ಅದೇ ವರ್ಷದ ಜುಲೈನಿಂದ ಚಾಲಕನ ಮುಂದಿನ ಗಾಳಿಚೀಲ ಕಡ್ಡಾಯವಾದವು. 2022ರಿಂದ ತಯಾರಾದ ಕಾರುಗಳಲ್ಲಿ ಮುಂದಿನ ಎರಡೂ ಆಸನಗಳಿಗೆ ಗಾಳಿಚೀಲವಿರುತ್ತದೆ. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಎಂಬ ಡಿಕ್ಕಿ ಪರೀಕ್ಷೆ ಆರಂಭವಾಗಿ ಕಾರುಗಳಿಗೆ ನಕ್ಷತ್ರಗಳ ದರ್ಜೆ ಸಿಗುತ್ತಿದೆ. ಚರ್ಮದ ಹೊದಿಕೆ, ದೊಡ್ಡ ಪರದೆಗಳಿಗೆ ಕೊಡುವ ಹಣವನ್ನು ಈ ದರ್ಜೆಯ ಕಡೆಗೆ ಕೊಡುವುದು ಮೇಲು. ಹಿಂದೆ ಕೂತವರೂ ಪಟ್ಟಿ ಕಟ್ಟಿಕೊಳ್ಳತಕ್ಕದ್ದು.

ಬಳಸಿದ ಕಾರು: ಹಲ್ಲು ನೋಡಿ ಕೊಳ್ಳಿರಿ

ನಮ್ಮಲ್ಲಿ ಹೆಚ್ಚಿನವರಿಗೆ ನಾಲ್ಕೈದು ವರ್ಷ ಓಡಿದ ಕಾರೇ ಹೊಂದುತ್ತದೆ. 3 ಲಕ್ಷದ ಕಾರಿಗೆ ಅರ್ಧ ರೊಕ್ಕ ಕೈಯಿಂದ, ಉಳಿದ 1.5 ಲಕ್ಷಕ್ಕೆ ಶೇ. 14 ಬಡ್ಡಿಯಂತೆ 3 ವರ್ಷದ ಸಾಲ ಎಂದರೆ ವರ್ಷದ ಕಂತು 61,500 ರೂ. ಪೆಟ್ರೋಲು 52,500, ವಿಮೆ 8,000, ರಿಪೇರಿ ಹೆಚ್ಚೇ ಹಿಡಿದು 20,000, ಟಯರು–ಬ್ಯಾಟರಿ 8,000. ಒಟ್ಟು 1,50,000 ರೂ. ಹೊಸ ಕಾರು ನಾಲ್ಕೂಕಾಲು ಎಕರೆ ತಿಂದರೆ ಇದು ಮೂರು ಎಕರೆಯಲ್ಲಿ ನಿಲ್ಲುತ್ತದೆ. ಸಾಲವೂ ಎರಡು ವರ್ಷ ಮೊದಲೇ ತೀರುತ್ತದೆ.

ಸಂಕ್ರಾಂತಿಯ ಜಾತ್ರೆಯಲ್ಲಿ ಖಿಲಾರಿ ಹೋರಿ ಕೊಳ್ಳುವಾಗ ನಾವು ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಅದರ ನಾಲ್ಕು ಪಟ್ಟು ಹಣ ಕೊಟ್ಟು ಕಾರು ಕೊಳ್ಳುವಾಗ ಬಣ್ಣ ನೋಡಿ ಮರುಳಾಗಬಾರದು. ಈ ಪರೀಕ್ಷೆಗಳನ್ನು ತಪ್ಪದೆ ಮಾಡಿರಿ:

1. ಬೆಳಿಗ್ಗೆ ಹಗಲು ಬೆಳಕಿನಲ್ಲಿ, ಎಂಜಿನ್ನು ತಣ್ಣಗಿರುವಾಗ ಹೋಗಿರಿ. ಮೊದಲೇ ಓಡಿಸಿ ಬಿಸಿ ಮಾಡಿಟ್ಟ ಎಂಜಿನ್ನು ತನ್ನ ರೋಗ ಮುಚ್ಚಿಕೊಳ್ಳುತ್ತದೆ. ಚಾಲೂ ಮಾಡಿದಾಗ ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ ಎಂದರ್ಥ.

2. ಮೀಟರಿನ ಅಂಕಿಯನ್ನು ಮಾತ್ರ ನಂಬಬೇಡಿರಿ, ಅದನ್ನು ತಿರುಗಿಸುವವರಿದ್ದಾರೆ. ಪೆಡಲಿನ ರಬ್ಬರು, ಸ್ಟೇರಿಂಗಿನ ಸವೆತ, ಚಾಲಕನ ಆಸನ ನೋಡಿರಿ. ಕಂಪನಿಯ ಅಧಿಕೃತ ಸರ್ವೀಸು ಕೇಂದ್ರದಲ್ಲಿ ಹಳೆಯ ದಾಖಲೆ ಕೇಳಿರಿ.

3. ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2322 ಎಂದಿದ್ದರೆ 2022ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದದ್ದು.

4. ನೆರೆಯಲ್ಲಿ ಮುಳುಗಿದ ಕಾರುಗಳು ತೊಳೆದು ಬಣ್ಣ ಹಚ್ಚಿಸಿಕೊಂಡು ಪೇಟೆಗೆ ಬರುತ್ತವೆ. ಸೀಟು ಬೆಲ್ಟನ್ನು ಪೂರ್ತಿ ಹೊರಗೆಳೆದು ಮಣ್ಣಿನ ಕಲೆ ಇದೆಯೇ ನೋಡಿರಿ. ನೆಲದ ಹಾಸು ಎತ್ತಿರಿ. ಆಸನದ ಕೆಳಗಿನ ಕಬ್ಬಿಣಕ್ಕೆ ಜಂಗು ಹಿಡಿದಿದೆಯೇ, ಮುಗ್ಗಲು ವಾಸನೆ ಇದೆಯೇ ಪರೀಕ್ಷಿಸಿರಿ.

5. ನಿಮಗೆ ಬೇಕಾದ ಮೆಕ್ಯಾನಿಕ್‌ನನ್ನು ನೀವೇ ಕರೆದೊಯ್ಯಿರಿ. ಮಾರುವವನು ತೋರಿಸಿದ ಮೆಕ್ಯಾನಿಕ್ ಬೇಡ. ಅವನ ಒಂದು ದಿನದ ಕೂಲಿ ಮುಂದಿನ ದೊಡ್ಡ ಖರ್ಚನ್ನು ಉಳಿಸುತ್ತದೆ.

ಕಾಗದ ಪತ್ರ ಮತ್ತು ಗಡಿಯ ವ್ಯವಹಾರ

ಕಾರಿನ ನಂಬರನ್ನು ಸರಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ನೋಂದಣಿಯ ದಿನಾಂಕ, ವಿಮೆಯ ಅವಧಿ ಮುಂತಾದವು ತಿಳಿಯುತ್ತವೆ. ಬಾಕಿ ದಂಡದ ಚಲನ್ ಇದ್ದರೆ ಮಾರುವವನಿಂದಲೇ ತುಂಬಿಸಿರಿ. ನೋಂದಣಿ ಪುಸ್ತಕದಲ್ಲಿ ಬ್ಯಾಂಕಿನ ಸಾಲದ ನಮೂದಿದ್ದರೆ, ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35 ಸಿಗದೆ ಒಂದು ರೂಪಾಯಿಯನ್ನೂ ಕೊಡಬೇಡಿರಿ. ಹೆಸರು ಬದಲಾವಣೆಗೆ ನಮೂನೆ 29 ಮತ್ತು 30. ಕೊಂಡವರು 30 ದಿನದೊಳಗೆ ಅರ್ಜಿ ಸಲ್ಲಿಸಬೇಕು. ವಿಮಾ ಕಂಪನಿಗೆ 14 ದಿನದೊಳಗೆ ತಿಳಿಸಬೇಕು.

ನಮ್ಮದು ಗಡಿ ತಾಲೂಕು. ಕೆ.ಎ. 28 ವಿಜಯಪುರದ, ಕೆ.ಎ. 32 ಕಲಬುರಗಿಯ ಕಾರುಗಳು ಅಗ್ಗಕ್ಕೆ ಸಿಗುತ್ತವೆಂದು ತರುವವರು ಅನೇಕರು. ತರಬಾರದೆಂದಿಲ್ಲ. ಆದರೆ ಆ ಕಡೆಯ ಆರ್.ಟಿ.ಒ. ಕಚೇರಿಯಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ಪಡೆದು, ಸೋಲಾಪುರದಲ್ಲಿ ಮಹಾರಾಷ್ಟ್ರದ ತೆರಿಗೆ ತುಂಬಿ, ಎಂ.ಎಚ್. 13ರ ನಂಬರು ಪಡೆಯಬೇಕು. ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಲು ಮೋಟಾರು ವಾಹನ ಕಾಯಿದೆ 1988 ಅವಕಾಶ ಕೊಡುವುದಿಲ್ಲ. ಕರ್ನಾಟಕದಲ್ಲಿ ಉಳಿದ ಅವಧಿಯ ತೆರಿಗೆ ಮರಳಿ ಕೇಳುವ ಅವಕಾಶವಿದೆ, ಆದರೆ ಅದಕ್ಕೆ ಓಡಾಟ ಬೇಕು. ಇದೆಲ್ಲವನ್ನೂ ಕೂಡಿಸಿದ ಮೇಲೆಯೂ ಅಗ್ಗವಾದರೆ ಮಾತ್ರ ಅದು ಅಗ್ಗ. 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂ.ಗೆ ಏರಿಸಲಾಯಿತೆಂಬುದೂ ನೆನಪಿರಲಿ.

ಹಳೆಯ ಕಾರು ಮಾರುವವರಿಗೂ ಒಂದು ಎಚ್ಚರಿಕೆ. ಬೀಗನಿಗೋ ಗೆಳೆಯನಿಗೋ ಬಾಯಿಮಾತಿನಲ್ಲಿ ಕಾರು ಕೊಟ್ಟು ಹೆಸರು ಹಾಗೆಯೇ ಬಿಡುವ ರೂಢಿ ನಮ್ಮಲ್ಲಿದೆ. ಅಪಘಾತವಾದರೆ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆಗಾರರೆಂದು 2018ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ತೀರ್ಪು ಕೊಟ್ಟಿದೆ. ಕಾರು ನಾಲ್ಕು ಕೈ ದಾಟಿ ಹೋಗಿದ್ದರೂ ಪರಿಹಾರದ ನೋಟೀಸು ನಿಮ್ಮ ಮನೆಗೆ, ನಿಮ್ಮ ಹೊಲದ ಉತಾರೆಯ ಮೇಲೆ ಬರುತ್ತದೆ. ಹಾಗೆಯೇ ಬಿಳಿ ಫಲಕದ ಸ್ವಂತ ಕಾರನ್ನು ಅಕ್ಕಲಕೋಟೆಯ ಯಾತ್ರಿಕರಿಗೆ ಬಾಡಿಗೆಗೆ ಓಡಿಸಿ ಕಂತು ತೀರಿಸುವ ಯೋಚನೆಯೂ ಬೇಡ. ಅಪಘಾತದಲ್ಲಿ ವಿಮೆ ಕೈಕೊಡುವುದು ಇಂಥ ಸಂದರ್ಭದಲ್ಲಿಯೇ.

ಸಾರಾಂಶ

ವರ್ಷದ ಓಡಾಟ ಬರೆಯಿರಿ. ಕಾರಿನ ವರ್ಷದ ಒಟ್ಟು ಖರ್ಚನ್ನು ನಿಮ್ಮ ಹೊಲದ ಎಕರೆಯಲ್ಲಿ ಲೆಕ್ಕ ಹಾಕಿರಿ. ಹತ್ತು ಎಕರೆ ಕಬ್ಬಿದ್ದವರಿಗೆ ಮೂರು ಎಕರೆಯ ಕಾರು ಭಾರವಾಗದು. ನಾಲ್ಕು ಎಕರೆಯವರು ಅದನ್ನೇ ಕೊಂಡರೆ ಮನೆ ನಡೆಯುವುದು ಒಂದೇ ಎಕರೆಯ ಮೇಲೆ. ಬೆಳೆ ಸಾಲ, ಕೂಳೆಯ ಗೊಬ್ಬರ, ನೀರಿನ ಅನುಕೂಲ ಮುಗಿದ ಮೇಲೆ ಕಾರಿನ ಮಾತು. ಹಳೆಯ, ಹೆಸರಾದ ಮಾದರಿ. ಸ್ವಂತ ಮೆಕ್ಯಾನಿಕ್‌ನ ಪರೀಕ್ಷೆ. ಪೂರ್ಣ ಕಾಗದ ಪತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚುವುದೆಂದರೆ ಇದೇ.

ವ್ಯಾಪಾರಿ ಬರೆದುಕೊಟ್ಟ ಬೆಲೆಯ ಚೀಟಿ ಮತ್ತು ನಿಮ್ಮ ಹಿಂದಿನ ಎರಡು ಹಂಗಾಮಿನ ಕಬ್ಬಿನ ಬಿಲ್ಲುಗಳನ್ನು ತೆಗೆದುಕೊಂಡು ಗಟ್ ಕಚೇರಿಗೆ ಬಂದರೆ ನಮ್ಮ ಸಿಬ್ಬಂದಿ ನಿಮ್ಮೊಂದಿಗೆ ಕೂತು ಈ ಲೆಕ್ಕ ಮಾಡಿಕೊಡುವರು. ಮುಂಗಡ ಕೊಡುವ ಮುನ್ನ ಬನ್ನಿರಿ. ಕೊಟ್ಟ ಮೇಲೆ ಬಂದರೆ ಲೆಕ್ಕದಿಂದ ಉಪಯೋಗವಿಲ್ಲ.

– ಕಬ್ಬು ಅಭಿವೃದ್ಧಿ ಅಧಿಕಾರಿ